ಟರ್ಬೊ ಇಂಜಿನ್ನಿಗೆ ಕಾರ್ಬೊರೇಟರ್ ಹೊಂದಿಸುವುದು: ಒತ್ತಡ ಮೊದಲು, ಜೆಟ್ ಕೊನೆಗೆ

ಕೆಲವು ತಿಂಗಳಿಂದ ಬೇರೆ ಬೇರೆ ಊರಿನವರು ನನ್ನ ಹತ್ತಿರ ಒಂದೇ ದೂರು ಹೇಳುತ್ತಿದ್ದಾರೆ. “ಹಳೇ ಕಾರ್ಬೊರೇಟರ್ ಇಂಜಿನ್ನಿಗೆ ಟರ್ಬೊ ಹಾಕಿದ್ದೇವೆ. ಬೂಸ್ಟ್ ಬರುವ ತನಕ ಚೆನ್ನಾಗಿ ಓಡುತ್ತೆ. ಬಂದ ಕೂಡಲೇ ಪೂರ್ತಿ ಕುಸಿದುಬಿಡುತ್ತೆ. ಮೂರು ಸಲ ಮೇನ್ ಜೆಟ್ ದೊಡ್ಡದು ಮಾಡಿದ್ವಿ, ಪ್ರಯೋಜನ ಆಗಲಿಲ್ಲ.”

ಪ್ರಯೋಜನ ಆಗುವುದೂ ಇಲ್ಲ. (ಬೂಸ್ಟ್ ಅಂದರೆ ಟರ್ಬೊ ವಾತಾವರಣದ ಒತ್ತಡದ ಮೇಲೆ ಸೇರಿಸುವ ಗಾಳಿಯ ಒತ್ತಡ. ಜೆಟ್ ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ.) ಇಂಥ ಹತ್ತು ಇಂಜಿನ್ ನೋಡಿದರೆ ಎಂಟರಲ್ಲಿ ತಪ್ಪು ಇರುವುದು ಒತ್ತಡದಲ್ಲಿ. ಜೆಟ್ ಮುಟ್ಟುವುದಕ್ಕೂ ಮೊದಲು ಮಾಡಬೇಕಾದ ಐದಾರು ಕೆಲಸಗಳನ್ನು ಬಿಟ್ಟು ನೇರವಾಗಿ ಜೆಟ್‌ಗೆ ಕೈ ಹಾಕಿರುತ್ತಾರೆ. ಆ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದೇ ಈ ಬರಹ. ನಾಲ್ಕು ಸಿಲಿಂಡರಿನ, 1300 ಸಿಸಿ ಆಸುಪಾಸಿನ ಪೆಟ್ರೋಲ್ ಇಂಜಿನ್, ಎರಡು ಬ್ಯಾರೆಲ್ಲಿನ ವೆಬರ್ ಮಾದರಿಯ ಕಾರ್ಬೊರೇಟರ್, 0.4 ಬಾರ್ ಬೂಸ್ಟ್: ಇದನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ನೋಂದಣಿಯಾದ ವಾಹನದ ಮೂಲ ವಿನ್ಯಾಸ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಹಾಗಾಗಿ ಈ ಕೆಲಸ ಟ್ರ್ಯಾಕ್, ಆಟೋಕ್ರಾಸ್ ಅಥವಾ ಖಾಸಗಿ ಜಾಗದಲ್ಲಿ ಓಡಿಸುವ ಗಾಡಿಗೆ ಮಾತ್ರ.

## ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು

ಕಾರ್ಬೊರೇಟರ್ ಪೆಟ್ರೋಲನ್ನು ತಾನಾಗಿ ಚಿಮ್ಮಿಸುವುದಿಲ್ಲ. ಗಾಳಿ ವೆಂಚುರಿಯ ಕಿರಿದಾದ ಕುತ್ತಿಗೆಯಲ್ಲಿ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ಸ್ವಲ್ಪ ಇಳಿಯುತ್ತದೆ. ಪೆಟ್ರೋಲ್ ನಿಂತಿರುವ ಫ್ಲೋಟ್ ಬೌಲಿನಲ್ಲಿ ಒತ್ತಡ ಇಳಿದಿರುವುದಿಲ್ಲ. ಈ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಮೂಲಕ ಮೇಲೆ ತಳ್ಳುತ್ತದೆ. ವ್ಯತ್ಯಾಸ ತುಂಬಾ ಸಣ್ಣದು, ಬೂಸ್ಟ್ ಒತ್ತಡದ ಮುಂದೆ ಏನೂ ಅಲ್ಲ. ಈ ಒಂದು ಸಂಗತಿ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

ಟರ್ಬೊ ಜೊತೆ ಕಾರ್ಬೊರೇಟರ್ ಇಡುವುದಕ್ಕೆ ಎರಡು ಜಾಗ ಇವೆ.

ಡ್ರಾ-ಥ್ರೂ ಪದ್ಧತಿಯಲ್ಲಿ ಕಾರ್ಬೊರೇಟರ್ ಟರ್ಬೊಗಿಂತ ಮುಂಚೆ ಇರುತ್ತದೆ. 1962ರ ಷೆವರ್ಲೆ ಕಾರ್ವೇರ್ ಸ್ಪೈಡರ್‌ನಲ್ಲಿ ಹೀಗೇ ಇತ್ತು. ಕಾರ್ಬೊರೇಟರ್ ನೋಡುವುದು ಬರೀ ವಾತಾವರಣದ ಗಾಳಿಯನ್ನು. ಆದ್ದರಿಂದ ಪೆಟ್ರೋಲ್ ಒತ್ತಡದ ತಲೆನೋವು ಇಲ್ಲ. ಆದರೆ ಪೆಟ್ರೋಲ್ ಬೆರೆತ ಗಾಳಿ ಕಂಪ್ರೆಸರ್ ಒಳಗೇ ಹಾದುಹೋಗುತ್ತದೆ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹಾಕುವಂತಿಲ್ಲ. ಹಾಕಿದರೆ ಪೆಟ್ರೋಲ್ ಅದರೊಳಗೆ ಹನಿಗಟ್ಟಿ ನಿಲ್ಲುತ್ತದೆ, ಒಂದು ಬ್ಯಾಕ್‌ಫೈರ್ ಆದರೆ ಸ್ಫೋಟ. ಥ್ರಾಟಲ್ ಮುಚ್ಚಿದಾಗ ನಿರ್ವಾತ ಟರ್ಬೊದ ಶಾಫ್ಟ್ ಕಡೆಯಿಂದ ಆಯಿಲ್ ಎಳೆಯುತ್ತದೆ. ಅದಕ್ಕೆ ಕಾರ್ಬನ್ ಸೀಲ್ ಇರುವ ಟರ್ಬೊನೇ ಬೇಕು.

ಬ್ಲೋ-ಥ್ರೂ ಪದ್ಧತಿಯಲ್ಲಿ ಟರ್ಬೊ ಒತ್ತಿದ ಗಾಳಿ ಕಾರ್ಬೊರೇಟರ್ ಒಳಗೆ ಬರುತ್ತದೆ. 1980ರ ದಶಕದ ರೆನೊ 5 ಜಿಟಿ ಟರ್ಬೊ, ಲೋಟಸ್ ಎಸ್ಪ್ರಿ ಟರ್ಬೊ ಎರಡೂ ಇದೇ ಪದ್ಧತಿಯವು. ಇಂಟರ್‌ಕೂಲರ್ ಹಾಕಬಹುದು, ಸಾಧಾರಣ ಟರ್ಬೊ ಸಾಕು. ಈಗ ಎಲ್ಲರೂ ಮಾಡುವುದು ಇದನ್ನೇ. ಎಡವುವುದೂ ಇದರಲ್ಲೇ. ಮುಂದೆ ಹೇಳುವುದೆಲ್ಲ ಇದರ ಬಗ್ಗೆ.

ಕಾರ್ಬೊರೇಟರ್ ಬಾಯಿಯ ಮೇಲೆ ಕೂತು ಟರ್ಬೊ ಗಾಳಿಯನ್ನು ಒಳಗೆ ಬಿಡುವ ಮುಚ್ಚಳದ ಡಬ್ಬಿಯನ್ನು ಹ್ಯಾಟ್ ಎಂದು ಕರೆಯುತ್ತೇನೆ.

## ಬೇಕಾಗುವ ಸಾಮಾನು

ಸ್ಪ್ಯಾನರ್ ಸೆಟ್ ಎಲ್ಲರ ಹತ್ತಿರ ಇರುತ್ತದೆ. ಇವು ಇಲ್ಲದೆ ಮಾತ್ರ ಕೆಲಸ ಶುರು ಮಾಡಬೇಡಿ:

- ವೈಡ್‌ಬ್ಯಾಂಡ್ ಲ್ಯಾಂಬ್ಡಾ ಮೀಟರ್. ಹೊಗೆ ನೋಡಿ ಗಾಳಿ-ಪೆಟ್ರೋಲ್ ಮಿಶ್ರಣ ಹೇಗಿದೆ ಅಂತ ತೋರಿಸುವುದು ಇದು. ಹಳೇ ಕಾರಿನ ನ್ಯಾರೋಬ್ಯಾಂಡ್ ಸೆನ್ಸರ್ ಬೂಸ್ಟ್‌ನಲ್ಲಿ ಉಪಯೋಗಕ್ಕೆ ಬರುವುದಿಲ್ಲ.
- ಬೂಸ್ಟ್ ಗೇಜ್. ಇದರ ಹೋಸ್ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಬರಲಿ.
- 0ರಿಂದ 1 ಬಾರ್ ತೋರಿಸುವ ಪೆಟ್ರೋಲ್ ಪ್ರೆಷರ್ ಗೇಜ್. 7 ಬಾರ್ ಗೇಜಿನಲ್ಲಿ 0.2 ಬಾರ್ ಓದಲು ಆಗುವುದಿಲ್ಲ.
- ರೆಫರೆನ್ಸ್ ತೂತು ಇರುವ, ಕಾರ್ಬೊರೇಟರಿಗೆಂದೇ ಮಾಡಿದ ರೆಗ್ಯುಲೇಟರ್. ಬೂಸ್ಟ್ ಎಷ್ಟು ಏರುತ್ತೋ ಪೆಟ್ರೋಲ್ ಒತ್ತಡವೂ ಅಷ್ಟೇ ಏರಬೇಕು. ಇಂಜೆಕ್ಷನ್ ಗಾಡಿಯ ರೆಗ್ಯುಲೇಟರ್ ನಡೆಯುವುದಿಲ್ಲ, ಅದರ ಕನಿಷ್ಠ ಒತ್ತಡವೇ ಜಾಸ್ತಿ.
- ಟೈಮಿಂಗ್ ಲೈಟ್, ಕಂಪ್ರೆಷನ್ ಗೇಜ್.
- ಕೈಪಂಪು, ಸೋಪು ನೀರು, ಪಿವಿಸಿ ಪೈಪಿನ ಎಂಡ್ ಕ್ಯಾಪ್, ಒಂದು ಟ್ಯೂಬ್‌ಲೆಸ್ ಟೈರಿನ ವಾಲ್ವ್.
- ಒಣ ಪೌಡರಿನ ಬೆಂಕಿ ಆರಿಸುವ ಸಿಲಿಂಡರ್, ಕೈಗೆ ಸಿಗುವ ಹಾಗೆ.

ಕೊನೆಯದನ್ನು ಸುಮ್ನೆ ಸೇರಿಸಿಲ್ಲ. ಒತ್ತಡದಲ್ಲಿರುವ ಪೆಟ್ರೋಲ್, ಪಕ್ಕದಲ್ಲೇ ಕೆಂಪಗೆ ಕಾದ ಟರ್ಬೈನ್ ಹೌಸಿಂಗ್. ಒಂದು ಕ್ಲಿಪ್ ಸಡಿಲವಾದರೆ ಸಾಕು.

## ಹಂತ 1: ಇಂಜಿನ್ ಗಟ್ಟಿ ಇದೆಯಾ ನೋಡಿ

ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಒಂದಕ್ಕೂ ಇನ್ನೊಂದಕ್ಕೂ ಶೇಕಡ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿ ಮಾಡಿ. ಟ್ಯಾಪೆಟ್, ರೇಡಿಯೇಟರ್, ಹೆಡ್ ಗ್ಯಾಸ್ಕೆಟ್ ನೋಡಿಕೊಳ್ಳಿ.

ಇಂಜಿನ್ನಿನ ಕಂಪ್ರೆಷನ್ ಅನುಪಾತ ಗೊತ್ತಿರಲಿ. 8ರಿಂದ 8.5ರ ಒಳಗಿದ್ದರೆ 0.4 ಬಾರ್ ಸುಖವಾಗಿ ತಡೆಯುತ್ತದೆ. 9 ದಾಟಿದರೆ 0.3 ಬಾರ್‌ಗೆ ನಿಲ್ಲಿಸುವುದು ನನ್ನ ಸಲಹೆ. 9.5 ಇದ್ದರೆ ಪಿಸ್ಟನ್ ಬದಲಾಯಿಸದೆ ಮುಂದೆ ಹೋಗಬೇಡಿ.

ಟರ್ಬೊ ಕೂರಿಸುವ ಮುಂಚೆ ಅದೇ ಕಾರ್ಬೊರೇಟರಿನಲ್ಲಿ ಇಂಜಿನ್ ಮಾಮೂಲಿಯಾಗಿ ಓಡಲಿ. ಐಡ್ಲಿಂಗ್ ನಿಲ್ಲಬೇಕು, ಪಿಕಪ್ ಬರಬೇಕು, ಮಿಸ್ಸಿಂಗ್ ಇರಬಾರದು. ಆಗ ನಿಂತಿರುವ ಜೆಟ್ ನಂಬರುಗಳನ್ನು ಪುಸ್ತಕದಲ್ಲಿ ಬರೆದಿಡಿ. ಮುಂದೆ ಏನಾದರೂ ಕೆಟ್ಟರೆ ಇಲ್ಲಿಗೆ ವಾಪಸ್ ಬರಬಹುದು.

## ಹಂತ 2: ಕಾರ್ಬೊರೇಟರನ್ನು ಒತ್ತಡಕ್ಕೆ ತಯಾರು ಮಾಡಿ

ಕಾರ್ಬೊರೇಟರನ್ನು ಒಳಗೆ ಗಾಳಿ ಎಳೆಯುವುದಕ್ಕೆ ಮಾಡಿರುತ್ತಾರೆ. ನಾವು ಅದಕ್ಕೆ ಒಳಗಿನಿಂದ ಹೊರಗೆ ಒತ್ತುವ ಗಾಳಿ ಕೊಡುತ್ತಿದ್ದೇವೆ. ಎಲ್ಲೆಲ್ಲಿ ಗಾಳಿ ಹೊರಬರಬಹುದೋ ಅಲ್ಲಲ್ಲಿ ಅದರ ಜೊತೆ ಪೆಟ್ರೋಲೂ ಹೊರಬರುತ್ತದೆ.

ಬೌಲಿನ ವೆಂಟ್. ಅತಿ ಮುಖ್ಯವಾದ ಕೆಲಸ ಇದು. ಫ್ಲೋಟ್ ಬೌಲಿನ ಉಸಿರಾಟದ ತೂತು ಹ್ಯಾಟ್ ಒಳಗೇ ತೆರೆದುಕೊಳ್ಳಬೇಕು. ಹೊರಗಿನ ಗಾಳಿಗೆ ತೆರೆದುಕೊಂಡಿದ್ದರೆ ಏನಾಗುತ್ತೆ? ಹ್ಯಾಟ್‌ನಲ್ಲಿ 0.4 ಬಾರ್ ಇದೆ, ಬೌಲಿನಲ್ಲಿ ಸೊನ್ನೆ. ವೆಂಚುರಿಯ ಒತ್ತಡವೇ ಬೌಲಿನದಕ್ಕಿಂತ ಜಾಸ್ತಿ ಆಗುತ್ತದೆ. ಪೆಟ್ರೋಲ್ ಮೇಲೆ ಬರುವುದಿರಲಿ, ಗಾಳಿಯೇ ಜೆಟ್ ಮೂಲಕ ಬೌಲಿಗೆ ನುಗ್ಗುತ್ತದೆ. “ಬೂಸ್ಟ್ ಬಂದ ಕೂಡಲೇ ಕುಸಿಯುತ್ತೆ” ಅನ್ನುವ ದೂರಿನ ಮೂಲ ಬಹಳ ಸಲ ಇದೇ. ಕೆಲವು ಕಾರ್ಬೊರೇಟರಿನಲ್ಲಿ ಎರಡು ವೆಂಟ್ ಇರುತ್ತವೆ. ಒಂದು ಒಳಗೆ, ಇನ್ನೊಂದು ಐಡ್ಲಿಂಗ್‌ನಲ್ಲಿ ಮಾತ್ರ ಹೊರಗೆ ತೆರೆಯುವಂಥದ್ದು. ಹೊರಗಿನದನ್ನು ಪೂರ್ತಿ ಮುಚ್ಚಿ.

ಫ್ಲೋಟ್. ಟೊಳ್ಳು ಹಿತ್ತಾಳೆಯ ಫ್ಲೋಟ್ ಒತ್ತಡಕ್ಕೆ ನಜ್ಜುಗುಜ್ಜಾಗಬಹುದು. ಒಳಗೆ ಟೊಳ್ಳಿಲ್ಲದ, ನೈಟ್ರೋಫಿಲ್ ಫ್ಲೋಟ್ ಹಾಕಿ. ತೂಕ ಬೇರೆ ಇರುವುದರಿಂದ ಮಟ್ಟವನ್ನು ಮತ್ತೆ ಹೊಂದಿಸಬೇಕು.

ಥ್ರಾಟಲ್ ಸ್ಪಿಂಡಲ್. ಹಳೇ ಕಾರ್ಬೊರೇಟರಿನ ಸ್ಪಿಂಡಲ್ ಅಲ್ಲಾಡಿದರೆ ಬೂಸ್ಟ್‌ನಲ್ಲಿ ಅಲ್ಲಿಂದ ಪೆಟ್ರೋಲ್ ಮಂಜು ಚಿಮ್ಮುತ್ತದೆ. ಲೇತ್‌ನಲ್ಲಿ ಬುಷ್ ಹೊಸದಾಗಿ ಹಾಕಿಸಿ, ಎರಡೂ ತುದಿಗೆ ಪೆಟ್ರೋಲ್ ತಡೆಯುವ ಸೀಲ್ ಕೂರಿಸಿ. ಥ್ರೆಡ್ ಸೀಲೆಂಟ್ ಮೆತ್ತಿ ಸಾಗಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ.

ಉಳಿದ ತೂತುಗಳು. ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್, ಬೌಲ್ ಮುಚ್ಚಳದ ಪ್ಯಾಕಿಂಗ್, ಚೋಕಿನ ಸ್ಪಿಂಡಲ್ ಎಲ್ಲ ಹೊಸದಾಗಲಿ. ನೈಲಾನ್ ಪ್ಲಗ್‌ನಿಂದ ಮುಚ್ಚಿದ ಸಣ್ಣ ತೂತುಗಳಿದ್ದರೆ ಲೋಹದ ಪ್ಲಗ್ ಹಾಕಿಸಿ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಇಡೀ ಕಾರ್ಬೊರೇಟರನ್ನೇ ಒಂದು ಗಟ್ಟಿ ಡಬ್ಬಿಯೊಳಗೆ ಇಡುವುದು. ಆಗ ಒಳಗೂ ಹೊರಗೂ ಒಂದೇ ಒತ್ತಡ, ಸೀಲುಗಳ ಚಿಂತೆ ಇಲ್ಲ. ಮಸೆರಾಟಿ ಬೈಟರ್ಬೊ ಕಾರಿನಲ್ಲಿ ವೆಬರ್ ಕಾರ್ಬೊರೇಟರನ್ನು ಹೀಗೇ ಇಟ್ಟಿದ್ದರು. ಆದರೆ ಜೆಟ್ ಬದಲಾಯಿಸಲು ಪ್ರತಿ ಸಲ ಡಬ್ಬಿ ಬಿಚ್ಚಬೇಕು, ಒಳಗೆ ಪೆಟ್ರೋಲ್ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ. ಮೊದಲ ಸಲ ಮಾಡುವವರಿಗೆ ಹ್ಯಾಟ್ ವಾಸಿ.

## ಹಂತ 3: ಗಾಳಿಯ ದಾರಿ ಕಟ್ಟಿ, ಸೋರಿಕೆ ಪರೀಕ್ಷೆ ಮಾಡಿ

ಹ್ಯಾಟ್ ಎತ್ತರವಾಗಿರಲಿ. ಗಾಳಿ ಪಕ್ಕದಿಂದ ಬಂದು ನೇರವಾಗಿ ವೆಂಟ್ ಕೊಳವೆಯ ಬಾಯಿಗೆ ಅಥವಾ ಏರ್ ಜೆಟ್‌ಗಳ ಮೇಲೆ ಹೊಡೆದರೆ ಬೌಲಿನ ಒತ್ತಡ ಏರುಪೇರಾಗುತ್ತದೆ. ಒಂದು ಬ್ಯಾರೆಲ್ ರಿಚ್, ಇನ್ನೊಂದು ಲೀನ್ ಆಗುತ್ತದೆ. ರಿಚ್ ಅಂದರೆ ಪೆಟ್ರೋಲ್ ಜಾಸ್ತಿ, ಲೀನ್ ಅಂದರೆ ಕಡಿಮೆ. ಗಾಳಿ ಒಳಬರುವ ಜಾಗದಲ್ಲಿ ಒಂದು ತಡೆ ತಗಡು ಇಟ್ಟರೆ ಈ ತೊಂದರೆ ಬಹುಪಾಲು ಹೋಗುತ್ತದೆ.

ಟರ್ಬೊ ಮತ್ತು ಹ್ಯಾಟ್ ನಡುವೆ, ಹೆಚ್ಚಾದ ಒತ್ತಡವನ್ನು ಹೊರಗೆ ಬಿಡುವ ಡಂಪ್ ವಾಲ್ವ್ ಹಾಕಿ. ಬೂಸ್ಟ್‌ನಲ್ಲಿ ಕಾಲು ತೆಗೆದಾಗ ಥ್ರಾಟಲ್ ಮುಚ್ಚುತ್ತದೆ, ಟರ್ಬೊ ಇನ್ನೂ ತಿರುಗುತ್ತಿರುತ್ತದೆ. ಆ ಒತ್ತಡ ಪೂರ್ತಿ ಕಾರ್ಬೊರೇಟರಿನ ಮೇಲೆ ಬೀಳುತ್ತದೆ. ವಾಲ್ವ್‌ಗೆ ಸಿಗ್ನಲ್ ಹೋಸ್ ಥ್ರಾಟಲ್‌ನ ಕೆಳಗಿನಿಂದ, ಅಂದರೆ ಮ್ಯಾನಿಫೋಲ್ಡ್‌ನಿಂದ ಬರಬೇಕು.

ಬ್ರೇಕ್ ಬೂಸ್ಟರ್ ಹೋಸ್ ಮತ್ತು ಇಂಜಿನ್ನಿನ ಬ್ರೀದರ್ ಹೋಸ್ ಎರಡರಲ್ಲೂ ಒನ್-ವೇ ವಾಲ್ವ್ ಇದೆಯಾ ನೋಡಿ. ಬ್ರೀದರ್‌ನಲ್ಲಿ ಇಲ್ಲದಿದ್ದರೆ ಬೂಸ್ಟ್ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳನ್ನು ಹೊರಗೆ ತಳ್ಳುತ್ತದೆ. ಡಿಪ್‌ಸ್ಟಿಕ್ ಮೇಲೆದ್ದು ಬಂದರೆ ಇದೇ ಕಾರಣ ಅಂತ ತಿಳಿಯಿರಿ.

ಈಗ ಪರೀಕ್ಷೆ. ಟರ್ಬೊದ ಗಾಳಿ ಬಾಯಿಗೆ ಸರಿಹೊಂದುವ ಪಿವಿಸಿ ಕ್ಯಾಪ್ ತಗೊಂಡು ಅದಕ್ಕೆ ಟೈರ್ ವಾಲ್ವ್ ಕೂರಿಸಿ. ಬೌಲಿನಲ್ಲಿರುವ ಪೆಟ್ರೋಲ್ ಖಾಲಿ ಮಾಡಿ. ಇಲ್ಲದಿದ್ದರೆ ಸೋರುವ ಜಾಗದಿಂದ ಗಾಳಿಯ ಜೊತೆ ಪೆಟ್ರೋಲೂ ಹೊರಬರುತ್ತದೆ. ಬ್ಯಾಟರಿ ವೈರ್ ತೆಗೆಯಿರಿ. ಕೈಪಂಪಿನಿಂದ 0.5 ಬಾರ್ ತುಂಬಿಸಿ. ಟೈರ್ ಅಂಗಡಿಯ ಕಂಪ್ರೆಸರ್ ಹೋಸ್ ನೇರವಾಗಿ ಚುಚ್ಚಬೇಡಿ, ಹೋಸ್‌ಗಳು ಹಾರಿಬಂದು ಮುಖಕ್ಕೆ ಹೊಡೆಯುತ್ತವೆ.

ಥ್ರಾಟಲ್ ಮುಚ್ಚಿ ಒಂದು ಸಲ, ತೆರೆದು ಒಂದು ಸಲ ಮಾಡಿ. ಮುಚ್ಚಿದಾಗ ಹ್ಯಾಟ್ ಕಡೆಯ ಸೋರಿಕೆ ಸಿಗುತ್ತದೆ. ತೆರೆದಾಗ ಮ್ಯಾನಿಫೋಲ್ಡ್ ಕಡೆಯದು. ಎಲ್ಲ ಜಾಯಿಂಟಿಗೂ ಸೋಪು ನೀರು ಹಚ್ಚಿ ಗುಳ್ಳೆ ನೋಡಿ. ಆಯಿಲ್ ಹಾಕುವ ಮುಚ್ಚಳದ ಹತ್ತಿರ ಸ್ವಲ್ಪ ಸದ್ದು ಬರುವುದು ಸಹಜ, ತೆರೆದ ವಾಲ್ವ್ ಮತ್ತು ಪಿಸ್ಟನ್ ರಿಂಗ್ ದಾಟಿದ ಗಾಳಿ ಅದು. ಕಾರ್ಬೊರೇಟರ್ ಮೇಲೆ ಮಾತ್ರ ಒಂದು ಗುಳ್ಳೆಯೂ ಇರಬಾರದು. ಅರ್ಧ ಗಂಟೆಯ ಕೆಲಸ. ಇದನ್ನು ಮಾಡದೆ ಮುಂದೆ ಹೋದವರೇ ಜಾಸ್ತಿ.

## ಹಂತ 4: ಪೆಟ್ರೋಲ್ ಒತ್ತಡ

ಬೂಸ್ಟ್‌ನಲ್ಲಿ ಬೌಲಿನೊಳಗೆ 0.4 ಬಾರ್ ಇದೆ ಅಂದೆವು. ಮಾಮೂಲಿ ಕಾರ್ಬೊರೇಟರ್ ಪಂಪಿನ ಒತ್ತಡ 0.2ರಿಂದ 0.25 ಬಾರ್. 0.25 ಬಾರ್ ಪೆಟ್ರೋಲ್ 0.4 ಬಾರ್ ಇರುವ ಬೌಲಿನೊಳಗೆ ಹೋಗುತ್ತಾ? ಹೋಗಲ್ಲ ಅಲ್ವಾ. ಬೌಲಿನಲ್ಲಿ ಆಗಲೇ ಇದ್ದಷ್ಟು ಪೆಟ್ರೋಲಿನಲ್ಲಿ ಮೂರು ನಾಲ್ಕು ಸೆಕೆಂಡು ಎಳೆದು ಇಂಜಿನ್ ಲೀನ್ ಆಗುತ್ತದೆ.

ಹಾಗಾಗಿ ನಿಯಮ ಇದು: ಪೆಟ್ರೋಲ್ ಒತ್ತಡ ಯಾವಾಗಲೂ ಹ್ಯಾಟ್ ಒತ್ತಡಕ್ಕಿಂತ 0.2ರಿಂದ 0.25 ಬಾರ್ ಜಾಸ್ತಿ ಇರಬೇಕು. ಐಡ್ಲಿಂಗ್‌ನಲ್ಲಿ ಗೇಜ್ 0.2 ತೋರಿಸಿದರೆ 0.4 ಬೂಸ್ಟ್‌ನಲ್ಲಿ 0.6 ತೋರಿಸಬೇಕು. ಬೌಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್‌ಗೆ ಎರಡೂ ಹೊತ್ತಿನಲ್ಲಿ ಅದೇ 0.2 ಕಾಣುತ್ತದೆ, ಅದಕ್ಕೆ ಬೂಸ್ಟ್ ಬಂದದ್ದೇ ಗೊತ್ತಾಗುವುದಿಲ್ಲ.

ಇದನ್ನು ಮಾಡಿಸುವುದು ರೆಗ್ಯುಲೇಟರ್. ಅದರ ರೆಫರೆನ್ಸ್ ಹೋಸ್ ಹ್ಯಾಟ್‌ನಿಂದ ಬರಬೇಕು. ಬಹಳ ಜನ ಇಂಜೆಕ್ಷನ್ ಗಾಡಿ ನೋಡಿ ಮ್ಯಾನಿಫೋಲ್ಡ್‌ನಿಂದ ತರುತ್ತಾರೆ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಇರುತ್ತದೆ. ಅದು ರೆಗ್ಯುಲೇಟರನ್ನು ತೆರೆದುಬಿಡುತ್ತದೆ, ಪೆಟ್ರೋಲ್ ಒತ್ತಡ ಸೊನ್ನೆಗೆ ಬರುತ್ತದೆ, ಬೌಲ್ ನಿಧಾನವಾಗಿ ಖಾಲಿಯಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಆರಿಹೋಗುವ, ಬೆಟ್ಟ ಇಳಿದ ಮೇಲೆ ಪಿಕಪ್ ಕೊಡದ ಟರ್ಬೊ ಗಾಡಿಗಳಲ್ಲಿ ಮೊದಲು ಈ ಹೋಸ್ ನೋಡಿ.

ಪಂಪ್ ಎಷ್ಟು ದೊಡ್ಡದಿರಬೇಕು? ಟರ್ಬೊ ಕಾರ್ಬೊರೇಟರ್ ಇಂಜಿನ್ 100 ಅಶ್ವಶಕ್ತಿಗೆ ಗಂಟೆಗೆ ಸುಮಾರು 27 ಕಿಲೋ, ಅಂದರೆ 36 ಲೀಟರಿನಷ್ಟು ಪೆಟ್ರೋಲ್ ಕೇಳುತ್ತದೆ. ಕಾಲು ಭಾಗ ಹೆಚ್ಚು ಸೇರಿಸಿ 45 ಲೀಟರ್ ಅನ್ನಿ. ಪಂಪಿನ ಡಬ್ಬಿ ಮೇಲೆ ಬರೆದಿರುವ ಅಂಕಿ ಒತ್ತಡವೇ ಇಲ್ಲದಾಗಿನದು. ನಮಗೆ ಬೇಕಾದ್ದು 0.65 ಬಾರ್‌ನಲ್ಲಿ 45 ಲೀಟರ್. ರಿಟರ್ನ್ ಪೈಪ್ ಇರುವ ವ್ಯವಸ್ಥೆಯನ್ನೇ ಮಾಡಿ. ರಿಟರ್ನ್ ಪೈಪ್ ಸಣ್ಣದಾದರೆ ಐಡ್ಲಿಂಗ್‌ನಲ್ಲಿ ಒತ್ತಡ ಇಳಿಯದೆ ಬೌಲ್ ಉಕ್ಕುತ್ತದೆ.

ಈಗ ಬಂಕ್‌ನಲ್ಲಿ ಸಿಗುವುದು ಇ20 ಪೆಟ್ರೋಲ್, ಅಂದರೆ ಶೇಕಡ 20 ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಹೋಸ್, ಹಳೇ ಡಯಾಫ್ರಾಮ್ ಎಥನಾಲ್‌ಗೆ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಇಂಜೆಕ್ಷನ್ ಹೋಸ್ ಮತ್ತು ಕ್ಲ್ಯಾಂಪ್ ಹಾಕಿ. ಗಾಜಿನ ಅಥವಾ ಪ್ಲಾಸ್ಟಿಕ್ ಫಿಲ್ಟರ್ ಬೇಡ, ಲೋಹದ್ದಿರಲಿ. ಇಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲುವ ಹಾಗೆ ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ರಿಲೇ ಕೊಡಿ.

ಗಾಡಿ ಓಡಿಸದೆ ಇದನ್ನು ಪರೀಕ್ಷಿಸಬಹುದು. ರೆಫರೆನ್ಸ್ ಹೋಸನ್ನು ಹ್ಯಾಟ್‌ನಿಂದ ಬಿಚ್ಚಿ, ರೆಗ್ಯುಲೇಟರ್ ಕಡೆಗೆ ಕೈಪಂಪು ಸಿಕ್ಕಿಸಿ. ಇನ್ನೂ ಪೆಟ್ರೋಲ್ ಬೌಲಿಗೆ ಹೋಗಬಾರದು, ಅದಕ್ಕೆ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಅಲ್ಲಿ ಗೇಜ್ ಕೂರಿಸಿ. ಪಂಪ್ ಚಾಲು ಮಾಡಿ. ಕೈಪಂಪಿನಲ್ಲಿ 0.1, 0.2, 0.4 ಕೊಡಿ. ಗೇಜ್ 0.3, 0.4, 0.6 ತೋರಿಸಬೇಕು. ತೋರಿಸಲಿಲ್ಲವೆಂದರೆ ರೆಗ್ಯುಲೇಟರ್ ಅಥವಾ ಪಂಪ್ ಬದಲಾಯಿಸುವ ತನಕ ಮುಂದಿನ ಹಂತ ಇಲ್ಲ.

## ಹಂತ 5: ಇಗ್ನಿಷನ್

ಬೂಸ್ಟ್‌ನಲ್ಲಿ ಕಿಡಿ ತಡವಾಗಿ ಬರಬೇಕು. ಒಂದು ಪಿಎಸ್‌ಐ ಬೂಸ್ಟಿಗೆ ಒಂದು ಡಿಗ್ರಿ ರಿಟಾರ್ಡ್ ಅನ್ನುವುದು ಶುರು ಮಾಡಲು ಒಳ್ಳೇ ಲೆಕ್ಕ. 0.4 ಬಾರ್ ಅಂದರೆ ಸುಮಾರು 6 ಪಿಎಸ್‌ಐ. ಮಾಮೂಲಿ ಇಂಜಿನ್ನಿಗೆ ಒಟ್ಟು 30 ಡಿಗ್ರಿ ಅಡ್ವಾನ್ಸ್ ಇದ್ದರೆ ಬೂಸ್ಟ್‌ನಲ್ಲಿ 22ರಿಂದ 24 ಸಾಕು. ಬೂಸ್ಟ್ ಬಂದಾಗ ಮಾತ್ರ ರಿಟಾರ್ಡ್ ಮಾಡುವ ಯೂನಿಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರನ್ನೇ ಅಷ್ಟು ಹಿಂದಕ್ಕೆ ತಿರುಗಿಸಿ. ಕೆಳಗಿನ ಎಳೆತ ಸ್ವಲ್ಪ ಸಪ್ಪೆಯಾಗುತ್ತದೆ, ಪಿಸ್ಟನ್ ಉಳಿಯುತ್ತದೆ.

ಒಂದು ಹಂತ ತಂಪಾದ ಸ್ಪಾರ್ಕ್ ಪ್ಲಗ್ ಹಾಕಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಇಡಿ. ಒತ್ತಡ ಜಾಸ್ತಿಯಾದಾಗ ಕಿಡಿ ಹಾರುವುದು ಕಷ್ಟ, ದೊಡ್ಡ ಗ್ಯಾಪ್ ಇದ್ದರೆ ಮಿಸ್ಸಿಂಗ್ ಬರುತ್ತದೆ. ಆ ಮಿಸ್ಸಿಂಗನ್ನು ಲ್ಯಾಂಬ್ಡಾ ಮೀಟರ್ ಲೀನ್ ಅಂತಲೇ ತೋರಿಸುತ್ತದೆ, ಉರಿಯದ ಆಮ್ಲಜನಕ ಹೊಗೆಯಲ್ಲಿ ಇರುತ್ತದಲ್ಲ. ಅದನ್ನು ನಂಬಿ ಜೆಟ್ ದೊಡ್ಡದು ಮಾಡಿದರೆ ಇನ್ನೂ ಕೆಡುತ್ತದೆ. ಜೆಟ್‌ಗಿಂತ ಮುಂಚೆ ಇಗ್ನಿಷನ್ ಮುಗಿಸಿ ಅನ್ನುವುದು ಇದಕ್ಕೇ.

## ಹಂತ 6: ಈಗ ಜೆಟ್

ಇಲ್ಲಿಗೆ ಬರುವ ಹೊತ್ತಿಗೆ ಕಾರ್ಬೊರೇಟರ್ ಸೋರುವುದಿಲ್ಲ, ಬೌಲಿನ ಒತ್ತಡ ಸರಿ, ಪೆಟ್ರೋಲ್ ಒತ್ತಡ ಸರಿ, ಕಿಡಿ ಸರಿ. ಇನ್ನು ಮೀಟರ್ ತೋರಿಸುವುದನ್ನು ನಂಬಬಹುದು.

ಒತ್ತಡ ಎಲ್ಲ ಸರಿಯಿದ್ದರೂ ಬೂಸ್ಟ್‌ನಲ್ಲಿ ಲೀನ್ ಆಗುತ್ತದೆ. ಕಾರಣ ಹೀಗಿದೆ. ವೆಂಚುರಿಯಲ್ಲಿ ಹಾಯುವ ಗಾಳಿಯ ತೂಕ ಅದರ ಸಾಂದ್ರತೆಯ ವರ್ಗಮೂಲದ ಜೊತೆ ಏರುತ್ತದೆ. ಪೆಟ್ರೋಲಿನ ಸಾಂದ್ರತೆ ಬೂಸ್ಟ್‌ನಿಂದ ಬದಲಾಗುವುದಿಲ್ಲ. ಅದೇ ಎಳೆತಕ್ಕೆ ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. 0.4 ಬೂಸ್ಟ್ ಸೇರಿದರೆ 1.31. ಇಂಟರ್‌ಕೂಲರ್ ಚೆನ್ನಾಗಿದ್ದರೆ ಗಾಳಿ ಸುಮಾರು 1.37 ಪಟ್ಟು ದಟ್ಟವಾಗುತ್ತದೆ. ಅದರ ವರ್ಗಮೂಲ 1.17. ಅಂದರೆ ಶೇಕಡ 17ರಷ್ಟು ಲೀನ್. ಇಂಟರ್‌ಕೂಲರ್ ಇಲ್ಲದಿದ್ದರೆ ಗಾಳಿ ಕಾದು ಹಿಗ್ಗುವುದರಿಂದ ಲೀನ್ ಆಗುವುದು ಶೇಕಡ 11ರಷ್ಟು. ಮೊದಲು ಜೆಟ್ ಹೊಂದಿಸಿ ಆಮೇಲೆ ಇಂಟರ್‌ಕೂಲರ್ ಸೇರಿಸಿದವರು ಮತ್ತೆ ಜೆಟ್ ಮಾಡಲೇಬೇಕು.

ಗುರಿಗಳು ಇವು. ಇ20 ಪೆಟ್ರೋಲಿನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 14.7 ಅನ್ನುವ ಹಳೇ ಅಂಕಿ ಅನ್ವಯಿಸುವುದಿಲ್ಲ, ಆದ್ದರಿಂದ ಮೀಟರನ್ನು ಲ್ಯಾಂಬ್ಡಾದಲ್ಲೇ ಓದಿ (1 ಅಂದರೆ ಗಾಳಿಗೆ ಸರಿಯಾದಷ್ಟು ಪೆಟ್ರೋಲ್, ಅದಕ್ಕಿಂತ ಕಡಿಮೆ ಅಂದರೆ ರಿಚ್):

- ಐಡ್ಲಿಂಗ್: 0.90ರಿಂದ 0.95
- ಒಂದೇ ವೇಗದಲ್ಲಿ ಹಗುರವಾಗಿ ಹೋಗುವಾಗ: 0.95ರಿಂದ 1.0
- ಪೂರ್ತಿ ಬೂಸ್ಟ್: 0.78ರಿಂದ 0.82

ಹಳೇ ಪೆಟ್ರೋಲಿಗೆ ಹೊಂದಿಸಿದ್ದ ಕಾರ್ಬೊರೇಟರ್ ಇ20ಯಲ್ಲಿ ಸುಮಾರು ಶೇಕಡ 8 ಲೀನ್ ಓಡುತ್ತದೆ, ಇದನ್ನೂ ಲೆಕ್ಕಕ್ಕೆ ಸೇರಿಸಿ.

ವೆಬರ್ ಜೆಟ್ ಮೇಲಿನ ನಂಬರ್ ತೂತಿನ ಅಗಲ. 125 ಅಂದರೆ 1.25 ಮಿ.ಮೀ. ಪೆಟ್ರೋಲ್ ಹರಿಯುವುದು ತೂತಿನ ವಿಸ್ತೀರ್ಣಕ್ಕೆ ತಕ್ಕ ಹಾಗೆ. 125ರಿಂದ 130ಕ್ಕೆ ಹೋದರೆ ಶೇಕಡ 8 ಹೆಚ್ಚು. 125ರಿಂದ 140 ಅಂದರೆ ಶೇಕಡ 25. ಈ ಲೆಕ್ಕ ಗೊತ್ತಿದ್ದರೆ ಕಣ್ಣುಮುಚ್ಚಿ ಜೆಟ್ ಕೊಳ್ಳುವುದು ತಪ್ಪುತ್ತದೆ.

ಕ್ರಮ ಹೀಗಿರಲಿ:

1. ಬೂಸ್ಟ್ ಮಿತಿ ಮೀರದ ಹಾಗೆ ತಡೆಯುವ ವೇಸ್ಟ್‌ಗೇಟನ್ನು ತೀರಾ ಕಡಿಮೆ ಬೂಸ್ಟಿಗೆ ಇಡಿ. ಐಡ್ಲಿಂಗ್ ಮತ್ತು ಹಗುರ ಓಟ ಮೊದಲು ಸರಿಮಾಡಿ. ಇದು ಐಡಲ್ ಜೆಟ್ ಕೆಲಸ.
2. ಬೂಸ್ಟಿಗೆ ಬೇಕಾದ ಹೆಚ್ಚಿನ ಪೆಟ್ರೋಲನ್ನು ಎರಡನೇ ಬ್ಯಾರೆಲ್ಲಿನ ಮೇನ್ ಜೆಟ್‌ನಿಂದ ಕೊಡಿ. ಮೊದಲನೇ ಬ್ಯಾರೆಲ್ಲನ್ನು ಸ್ವಲ್ಪ ಮಾತ್ರ ಹೆಚ್ಚಿಸಿ. ಎರಡನ್ನೂ ಸಮ ದೊಡ್ಡದು ಮಾಡಿದರೆ ಹಗುರ ಓಟದಲ್ಲಿ ಕಪ್ಪು ಹೊಗೆ ಗ್ಯಾರಂಟಿ. ಒಂದು ಎಚ್ಚರಿಕೆ: ಅರ್ಧ ಥ್ರಾಟಲ್‌ನಲ್ಲೇ ಬೂಸ್ಟ್ ಬಂದರೆ ಎರಡನೇ ಬ್ಯಾರೆಲ್ ಇನ್ನೂ ತೆರೆದಿರುವುದಿಲ್ಲ. ಆ ಜಾಗದಲ್ಲಿ ಮೀಟರ್ ಏನು ತೋರಿಸುತ್ತೆ ಅಂತ ಖಾಸಾ ನೋಡಿ.
3. ಮೊದಲ ಪ್ರಯತ್ನ ಯಾವಾಗಲೂ ರಿಚ್ ಕಡೆಯಿಂದ ಇರಲಿ. ಲೆಕ್ಕಕ್ಕಿಂತ ಒಂದು ಜೆಟ್ ದೊಡ್ಡದು ಹಾಕಿ, ಆಮೇಲೆ ಇಳಿಸಿ.
4. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಲೀನ್ ಆದರೆ ಏರ್ ಕರೆಕ್ಟರ್ ಜೆಟ್ ಚಿಕ್ಕದು ಮಾಡಿ. ಏರ್ ಜೆಟ್ ಚಿಕ್ಕದಾದರೆ ಮಿಶ್ರಣ ರಿಚ್ ಆಗುತ್ತದೆ, ಮೇನ್ ಜೆಟ್‌ಗೆ ತದ್ವಿರುದ್ಧ.
5. ಒಂದು ಸಲಕ್ಕೆ ಒಂದೇ ಜೆಟ್ ಬದಲಾಯಿಸಿ, ಬರೆದಿಡಿ.

## ಹಂತ 7: ಬೂಸ್ಟ್ ಏರಿಸುವುದು

ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಡೈನೋ ಸಿಕ್ಕರೆ ಅಲ್ಲೇ ಮಾಡಿ. ಇಲ್ಲದಿದ್ದರೆ ಮುಚ್ಚಿದ ಟ್ರ್ಯಾಕ್‌ನಲ್ಲಿ, ಮೂರನೇ ಗೇರಿನಲ್ಲಿ, ಮೀಟರ್ ಓದಲು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು. ಓಡಿಸುವವರು ಮೀಟರ್ ನೋಡಬಾರದು.

0.2 ಬಾರ್‌ನಲ್ಲಿ ಮೂರು ಓಟ, ಎಲ್ಲವೂ ಸರಿಯಿದ್ದರೆ 0.3, ಆಮೇಲೆ 0.4. ಪ್ರತಿ ಹಂತದಲ್ಲಿ ಪೂರ್ತಿ ಥ್ರಾಟಲ್‌ನಿಂದ ನೇರ ಕ್ಲಚ್ ಒತ್ತಿ ಇಂಜಿನ್ ಆರಿಸಿ, ಗಾಡಿ ನಿಂತ ಮೇಲೆ ನಾಲ್ಕೂ ಪ್ಲಗ್ ತೆಗೆದು ನೋಡಿ. ಹೀಗೆ ಮಾಡುವಾಗ ಸ್ಟೀರಿಂಗ್ ಲಾಕ್ ಬೀಳದ ಹಾಗೆ ಕೀಲಿಯನ್ನು ಒಂದೇ ಹೆಜ್ಜೆ ತಿರುಗಿಸಿ, ಮುಂದೆ ನೇರ ಖಾಲಿ ದಾರಿ ಇರಲಿ. ಲ್ಯಾಂಬ್ಡಾ ಮೀಟರ್ ನಾಲ್ಕು ಸಿಲಿಂಡರಿನ ಸರಾಸರಿ ತೋರಿಸುತ್ತದೆ. ಯಾವ ಸಿಲಿಂಡರ್ ಕಷ್ಟದಲ್ಲಿದೆ ಅಂತ ಹೇಳುವುದು ಪ್ಲಗ್ ಮಾತ್ರ.

ಮೈಸೂರಿನ ಗೆಳೆಯರೊಬ್ಬರ ಇಂಜಿನ್ನಿನಲ್ಲಿ ನಾನು ಇದನ್ನು ಮಾಡದೆ ಬಿಟ್ಟೆ. ಮೀಟರ್ 0.82 ತೋರಿಸುತ್ತಿತ್ತು, ನಾವಿಬ್ಬರೂ ಖುಷಿಯಾಗಿದ್ದೆವು. ಹ್ಯಾಟ್ ಒಳಗಿನ ಗಾಳಿ ಒಂದೇ ಬದಿಗೆ ಹೊಡೆಯುತ್ತಿದ್ದುದರಿಂದ ಮೂರನೇ ಸಿಲಿಂಡರ್ ಲೀನ್ ಇತ್ತು. ಪಿಸ್ಟನ್ನಿನ ಅಂಚು ಕರಗಿಹೋಯಿತು. ಪ್ಲಗ್ ತೆಗೆದಿದ್ದರೆ ಮೊದಲ ದಿನವೇ ಕಾಣುತ್ತಿತ್ತು. ತಡೆ ತಗಡಿನ ಬಗ್ಗೆ ಮೂರನೇ ಹಂತದಲ್ಲಿ ಒತ್ತಿ ಹೇಳಿದ್ದು ಅದಕ್ಕೆ.

ಓಡಿಸಿ ಬಂದ ಮೇಲೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಟರ್ಬೊ ತಣಿಯಲಿ.

## ಏನು ಕಂಡರೆ ಏನರ್ಥ

ಬೂಸ್ಟ್ ಬಂದ ಕ್ಷಣವೇ ಕುಸಿತ, ಮೀಟರ್ ಪೂರ್ತಿ ಲೀನ್: ಬೌಲ್ ವೆಂಟ್ ಹ್ಯಾಟ್‌ಗೆ ಸೇರಿಲ್ಲ.

ಮೂರು ನಾಲ್ಕು ಸೆಕೆಂಡು ಚೆನ್ನಾಗಿ ಎಳೆದು ಆಮೇಲೆ ಲೀನ್: ಬೌಲ್ ಖಾಲಿಯಾಗುತ್ತಿದೆ. ಪಂಪ್, ರೆಗ್ಯುಲೇಟರ್, ಫಿಲ್ಟರ್, ನೀಡಲ್ ವಾಲ್ವ್ ನೋಡಿ. ಜೆಟ್ ಮುಟ್ಟಬೇಡಿ.

ಬೂಸ್ಟ್ ಉದ್ದಕ್ಕೂ ಒಂದೇ ಸಮ ಲೀನ್, ಪೆಟ್ರೋಲ್ ಒತ್ತಡ ಸರಿ: ಈಗ ಮಾತ್ರ ಜೆಟ್.

ಕಾಲು ತೆಗೆದಾಗ ಕಪ್ಪು ಹೊಗೆ, ಐಡ್ಲಿಂಗ್‌ನಲ್ಲಿ ಪೆಟ್ರೋಲ್ ವಾಸನೆ: ಒತ್ತಡ ಜಾಸ್ತಿ ಇದೆ ಅಥವಾ ರಿಟರ್ನ್ ಪೈಪ್ ಸಣ್ಣದು. ಗೇಜ್ ನೋಡಿ.

ಬಿಸಿ ಇಂಜಿನ್ ಆರಿಸಿ ಹತ್ತು ನಿಮಿಷದ ಮೇಲೆ ಸ್ಟಾರ್ಟ್ ಆಗುವುದಿಲ್ಲ: ಬೌಲಿನಲ್ಲಿ ಪೆಟ್ರೋಲ್ ಕುದಿದಿದೆ. ಕಾರ್ಬೊರೇಟರ್ ಕೆಳಗೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್, ಟರ್ಬೊಗೂ ಅದಕ್ಕೂ ನಡುವೆ ತಗಡಿನ ಮರೆ ಹಾಕಿ.

ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು: ನಾಕಿಂಗ್. ಆ ಕ್ಷಣವೇ ಕಾಲು ತೆಗೆಯಿರಿ. ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ, ಅಥವಾ ಹೊಳೆಯುವ ಸಣ್ಣ ಅಲ್ಯೂಮಿನಿಯಂ ಮಣಿ ಕಂಡರೆ ಪಿಸ್ಟನ್ ಆಗಲೇ ಸವೆಯುತ್ತಿದೆ. ಬೂಸ್ಟ್ ಇಳಿಸಿ, ಇಗ್ನಿಷನ್ ಇನ್ನೂ ಎರಡು ಡಿಗ್ರಿ ಹಿಂದಕ್ಕೆ ತಗೊಳ್ಳಿ, ಮಿಶ್ರಣ ಮತ್ತೆ ನೋಡಿ.

## ಘಟ್ಟ ಇಳಿಯುವವರಿಗೆ

ಬೆಂಗಳೂರಿನಲ್ಲಿ ಹೊಂದಿಸಿದ ಇಂಜಿನ್ನನ್ನು ಕರಾವಳಿಯ ಸ್ಪರ್ಧೆಗೆ ಹಾಗೇ ಒಯ್ಯಬೇಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1.01 ಬಾರ್ ಆಸುಪಾಸು. ವೇಸ್ಟ್‌ಗೇಟ್ ಅಲ್ಲೂ ವಾತಾವರಣದ ಮೇಲೆ 0.4 ಬಾರ್ ಸೇರಿಸುತ್ತದೆ, ಹಾಗಾಗಿ ಒಟ್ಟು 1.31 ಇದ್ದದ್ದು 1.41 ಆಗುತ್ತದೆ. ಗೇಜ್ ಮಾತ್ರ ಅದೇ 0.4 ತೋರಿಸುತ್ತಿರುತ್ತದೆ. ಗಾಳಿ ದಟ್ಟವಾದಷ್ಟೂ ಕಾರ್ಬೊರೇಟರ್ ಲೀನ್ ಆಗುತ್ತದೆ, ಸುಮಾರು ಶೇಕಡ 4. ಜೊತೆಗೆ ಸಿಲಿಂಡರಿನೊಳಗಿನ ಒತ್ತಡವೂ ಜಾಸ್ತಿ, ನಾಕಿಂಗ್ ಹತ್ತಿರ ಬರುತ್ತದೆ.

ಇಳಿಯುವ ಮುಂಚೆ ಎರಡೂ ಬ್ಯಾರೆಲ್ಲಿಗೆ ಅರ್ಧ ಹೆಜ್ಜೆ ದೊಡ್ಡ ಮೇನ್ ಜೆಟ್ ಹಾಕಿ, 130 ಇದ್ದರೆ 132 ಅಥವಾ 135. ಬೂಸ್ಟನ್ನು 0.3ಕ್ಕೆ ಇಳಿಸಿ. ಅಲ್ಲಿ ತಲುಪಿದ ಮೇಲೆ ಮೀಟರ್ ಮತ್ತು ಪ್ಲಗ್ ನೋಡಿಕೊಂಡು ಏರಿಸಿ. ವಾಪಸ್ ಬಂದ ಮೇಲೆ ಹಳೇ ಜೆಟ್ ಮತ್ತೆ ಹಾಕುವುದಕ್ಕೆ ಅನುಕೂಲವಾಗುವಂತೆ ಎರಡೂ ಸೆಟ್ಟನ್ನು ಬೇರೆ ಬೇರೆ ಡಬ್ಬಿಯಲ್ಲಿ, ಊರಿನ ಹೆಸರು ಬರೆದು ಇಟ್ಟುಕೊಳ್ಳಿ.